ಮೊಲಗಳ ದ್ವೀಪದಲ್ಲಿ ಒಂದು ಶನಿವಾರ

1938ರಿಂದ ಮುಂದೆ ಜಪಾನ್ ಸೇನೆಯ ಸರ್ವೇ ವಿಭಾಗ ಅಚ್ಚುಹಾಕಿದ ಭೂಪಟಗಳಲ್ಲಿ ಒಂದು ದ್ವೀಪ ಕಾಣೆಯಾಗಿತ್ತು. ಅದಕ್ಕೂ ಹಿಂದಿನ ಭೂಪಟಗಳಲ್ಲಿ ಅದು ಇತ್ತು, ಇವತ್ತಿನ ಗೂಗಲ್ ಮ್ಯಾಪಿನಲ್ಲೂ ಇದೆ. ನಡುವಿನ ಯುದ್ಧದ ವರ್ಷಗಳಲ್ಲಿ ಮಾತ್ರ ಆ ಜಾಗ ಖಾಲಿ. ದ್ವೀಪದ ಹೆಸರು ಓಕುನೊಶಿಮಾ. ಹಿರೋಶಿಮಾ ಪ್ರಾಂತ್ಯದ ತಾಕೆಹಾರಾ ಊರಿಗೆ ಸೇರಿದ್ದು. ಸುತ್ತಳತೆ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು, ಅಂದರೆ ಆರಾಮವಾಗಿ ನಡೆದರೂ ಒಂದೂವರೆ ಗಂಟೆಯಲ್ಲಿ ಹೊರಟಲ್ಲಿಗೇ ಬಂದು ಸೇರಬಹುದು. ಈಗಿನ ಜಪಾನಿಗರಿಗೆ ಅದು ಉಸಾಗಿ ಶಿಮಾ, ಮೊಲಗಳ ದ್ವೀಪ. ಮಕ್ಕಳನ್ನು ಕಟ್ಟಿಕೊಂಡು ಭಾನುವಾರ ಹೋಗಿಬರುವ ಜಾಗ.

ಕ್ಲೈಂಟಿನ ಕೆಲಸಕ್ಕೆಂದು ಪುಣೆಯಿಂದ ಹೋಗಿ ಹಿರೋಶಿಮಾದಲ್ಲಿ ಎರಡು ತಿಂಗಳು ಇದ್ದಾಗ ನಾನೂ ಹೋದೆ. ಅಣುಬಾಂಬಿನ ಮ್ಯೂಸಿಯಂ, ಮಿಯಾಜಿಮಾದ ಕೆಂಪು ತೋರಣ ಎರಡನ್ನೂ ಮೊದಲ ವಾರವೇ ನೋಡಿ ಮುಗಿಸಿದ್ದೆವು. ಟೀಮಿನಲ್ಲಿದ್ದ ದಾವಣಗೆರೆಯ ಹುಡುಗ ಮೊಲಗಳ ವಿಡಿಯೋ ತೋರಿಸಿ, “ಸರ್, ಇದೊಂದು ನೋಡ್ಕೊಂಡು ಬರೋಣ, ಒಂದೇ ದಿನದ ಕೆಲಸ” ಎಂದ. ಪಕ್ಕದ ಮೇಜಿನ ಜಪಾನಿ ಸಹೋದ್ಯೋಗಿಯನ್ನು ದಾರಿ ಕೇಳಿದರೆ ಅವರು ರೈಲಿನ ಸಮಯವನ್ನೆಲ್ಲ ನೀಟಾಗಿ ಬರೆದುಕೊಟ್ಟು, ಕೊನೆಯಲ್ಲಿ “ಮೊಲ ನೋಡಿ, ಮ್ಯೂಸಿಯಮ್ಮನ್ನೂ ನೋಡಿ” ಎಂದರು. ಅದರ ಮೇಲೆ ಒಂದು ಮಾತೂ ಇಲ್ಲ.

ಹಿರೋಶಿಮಾದಿಂದ ಮಿಹಾರಾವರೆಗೆ ಶಿಂಕಾನ್‌ಸೆನ್. ಅಲ್ಲಿಂದ ಕುರೆ ಲೈನ್ ಎಂಬ ಲೋಕಲ್ ರೈಲು. ಪುಣೆ-ಮುಂಬೈ ದಾರಿಯ ಘಾಟಿ ನೋಡಿದವರಿಗೂ ಈ ಹಳಿ ಇಷ್ಟವಾಗುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸೆತೊ ಒಳಸಮುದ್ರ, ಕಿಟಕಿಯ ಕೆಳಗೇ ನೀರು. ಅಲೆಗಳೇ ಇಲ್ಲದ, ಎಣ್ಣೆ ಸವರಿದಂಥ ಸಮುದ್ರ. ತುಂಬ ಚಿಕ್ಕಚಿಕ್ಕ ದ್ವೀಪಗಳು. ಯುದ್ಧದ ಕಾಲದಲ್ಲಿ ಇದೇ ರೈಲು ಈ ಭಾಗಕ್ಕೆ ಬಂದಾಗ ಸಮುದ್ರದ ಕಡೆಯ ಕಿಟಕಿಗಳ ಪರದೆ ಎಳೆಯಬೇಕಿತ್ತು ಎಂಬುದು ನನಗೆ ಆಮೇಲೆ ತಿಳಿದದ್ದು. ಇಣುಕಿದವರನ್ನು ಮಿಲಿಟರಿ ಪೊಲೀಸರು ವಿಚಾರಿಸಿಕೊಳ್ಳುತ್ತಿದ್ದರು. ತಾದಾನೊಉಮಿ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ಇಳಿದು, ಬಂದರಿನ ಅಂಗಡಿಯಲ್ಲಿ ಮೊಲದ ಮೇವಿನ ಪೊಟ್ಟಣ ಕೊಂಡು, ಫೆರಿ ಹತ್ತಿದರೆ ಹದಿನೈದು ನಿಮಿಷ.

ಮೊಲಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ವಿಡಿಯೋದಲ್ಲಿ ಇದ್ದದ್ದೆಲ್ಲ ನಿಜ. ಪೊಟ್ಟಣದ ಸದ್ದಿಗೆ ನೂರು ಕಡೆಯಿಂದ ಓಡಿಬರುತ್ತವೆ, ಮಡಿಲಿಗೆ ಹತ್ತುತ್ತವೆ. ದ್ವೀಪದಲ್ಲಿ ಕಾರುಗಳ ಓಡಾಟವಿಲ್ಲ. ಒಂದೇ ಒಂದು ವಸತಿಗೃಹ, ಅದರ ಮುಂದೆ ಹುಲ್ಲುಹಾಸು, ಆಚೆಗೆ ತಿಳಿನೀರಿನ ಕಡಲತೀರ. ಟೆಂಟ್ ಹಾಕಿದ ಎರಡು ಕುಟುಂಬಗಳು. ಉಡುಪಿ, ಕಾರವಾರದ ತೀರ ಕಂಡವರಿಗೆ ಇದು ತೀರವೆನ್ನುವುದಕ್ಕಿಂತ ಕೆರೆಯ ದಡ ಅನ್ನಿಸೀತು. ಅಷ್ಟು ನಿಶ್ಶಬ್ದ. ದಾವಣಗೆರೆಯ ಹುಡುಗನನ್ನು ಮೊಲಗಳ ಜೊತೆ ಬಿಟ್ಟು, ದಂಡೆಯ ದಾರಿಯಲ್ಲಿ ಉತ್ತರದ ಕಡೆಗೆ ನಡೆದೆ. ತಿರುವಿನಲ್ಲಿ ಮೂರು ಮಹಡಿ ಎತ್ತರದ ಕಾಂಕ್ರೀಟ್ ಕಟ್ಟಡ. ಕಿಟಕಿಗಳಿಗೆ ಗಾಜಿಲ್ಲ, ಒಳಗೆ ಗೋಡೆಗಳು ಇದ್ದಿಲಿನಂತೆ ಕಪ್ಪು. ಜಾಗದ ಹೆಸರು ನಾಗಾಉರಾ. ಒಂದೊಂದಕ್ಕೆ 100 ಟನ್ ಹಿಡಿಸುವ ಆರು ಟ್ಯಾಂಕುಗಳು ಇಲ್ಲಿದ್ದವು. ಅವುಗಳಲ್ಲಿ ಇದ್ದದ್ದು ವಿಷಾನಿಲ.

ಓಕುನೊಶಿಮಾಕ್ಕೆ ಸೇನೆ ಬಂದದ್ದು ವಿಷಾನಿಲಕ್ಕೂ ಮೊದಲು. ರಷ್ಯಾದ ಜೊತೆ ಯುದ್ಧವಾದೀತು ಎಂಬ ಲೆಕ್ಕದಲ್ಲಿ 19ನೇ ಶತಮಾನದ ಕೊನೆಗೆ ಗುಡ್ಡದ ಮೇಲೆ ಫಿರಂಗಿ ನೆಲೆಗಳನ್ನು ಕಟ್ಟಿದರು. ಚೀನಾ ಯುದ್ಧ ಶುರುವಾದ 1894ರಲ್ಲೇ ದಕ್ಷಿಣ ತುದಿಯ ದೀಪಸ್ತಂಭ ಬೆಳಗಿತ್ತು. ಕೆಂಪು ಇಟ್ಟಿಗೆಯ ಆ ಕಮಾನುಗಳು ಈಗಲೂ ಇವೆ. ಆದರೆ ರಷ್ಯಾದ ಹಡಗುಗಳು ಇತ್ತ ಬರಲೇ ಇಲ್ಲ. ಫಿರಂಗಿಗಳು ಹಳತಾದವು, ದ್ವೀಪ ಸೇನೆಯ ಕೈಯಲ್ಲಿ ಉಳಿಯಿತು.

ಅಷ್ಟರಲ್ಲಿ ಯುರೋಪಿನಲ್ಲಿ ಬೇರೆ ಪಾಠ ನಡೆದಿತ್ತು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನರು ಕ್ಲೋರಿನ್ ಬಿಟ್ಟರು. ನಾಲ್ಕು ದಿನಗಳ ನಂತರ ಅದೇ ರಣರಂಗದಲ್ಲಿ ಪ್ರತಿದಾಳಿಗೆ ಹೋಗಿ ಅನಿಲಕ್ಕೆ ಸಿಕ್ಕಿದ್ದು ನಮ್ಮ ಲಾಹೋರ್ ಡಿವಿಷನ್. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಹೋರಾಡಿದ ಸಿಪಾಯಿಗಳು. 1917ರಲ್ಲಿ ಅದೇ ಊರಿನಲ್ಲಿ ಮಸ್ಟರ್ಡ್ ಗ್ಯಾಸ್ ಬಂತು. ಕನ್ನಡದಲ್ಲಿ ಸಾಸಿವೆ ಅನಿಲ ಎನ್ನುತ್ತೇವೆ, ಸಾಸಿವೆಗೂ ಅದಕ್ಕೂ ವಾಸನೆಯ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ನಿಜಕ್ಕೂ ಅದು ಅನಿಲವೂ ಅಲ್ಲ, ಎಣ್ಣೆಯಂಥ ದ್ರವ. ಮೈಗೆ ತಾಗಿದ ತಕ್ಷಣ ಏನೂ ಅನ್ನಿಸುವುದಿಲ್ಲ, ಕೆಲವು ಗಂಟೆಗಳಾದ ಮೇಲೆ ಚರ್ಮ ಬೊಬ್ಬೆಯೇಳುತ್ತದೆ, ಕಣ್ಣು ಮುಚ್ಚಿಹೋಗುತ್ತದೆ, ಶ್ವಾಸಕೋಶದ ಒಳಪದರ ಸುಲಿದುಬರುತ್ತದೆ. ಜಪಾನಿಗರು ಅದನ್ನು ಈಪ್ರ್ ಊರಿನ ಹೆಸರಿನಿಂದಲೇ ಇಪೆರಿಟ್ಟೊ ಎಂದು ಕರೆದರು.

1925ರ ಜಿನೀವಾ ಒಪ್ಪಂದ ಇಂಥ ಅನಿಲಗಳನ್ನು ಯುದ್ಧದಲ್ಲಿ ಬಳಸುವುದನ್ನು ನಿಷೇಧಿಸಿತು. ತಯಾರಿಸುವುದನ್ನು, ಕೂಡಿಡುವುದನ್ನು ನಿಷೇಧಿಸಲಿಲ್ಲ. ಕರಾರುಪತ್ರಗಳನ್ನು ಓದಿ ಅಭ್ಯಾಸವಿರುವ ನಮ್ಮಂಥವರಿಗೆ ಆ ಸಂದು ಮೊದಲ ಓದಿಗೇ ಕಾಣುತ್ತದೆ. ಜಪಾನ್ ಸಹಿ ಹಾಕಿತು, ಅನುಮೋದನೆ ಮಾತ್ರ 1970ರವರೆಗೆ ಕೊಡಲಿಲ್ಲ. ಅಮೆರಿಕವೂ ಅನುಮೋದಿಸಿದ್ದು 1975ರಲ್ಲಿ, ಹಾಗಾಗಿ ಇಲ್ಲಿ ಒಬ್ಬರತ್ತಲೇ ಬೆರಳು ತೋರಿಸಲಾಗದು. ಟೋಕಿಯೊ 1923ರ ಭೂಕಂಪದಲ್ಲಿ ಕುಸಿದದ್ದನ್ನು ಕಂಡ ಸೇನೆ ಇಂಥ ಕಾರ್ಖಾನೆ ರಾಜಧಾನಿಯ ಹತ್ತಿರ ಬೇಡವೆಂದು ದೂರದ ಜಾಗ ಹುಡುಕಿತು. ಓಕುನೊಶಿಮಾ ಎಲ್ಲ ರೀತಿಯಲ್ಲೂ ಒಪ್ಪಿತು. ಸುತ್ತ ನೀರು, ಜನವಸತಿ ಇಲ್ಲ, ಆದರೆ ದುಡಿಯುವ ಕೈಗಳು ಹದಿನೈದು ನಿಮಿಷದ ದೂರದಲ್ಲಿ. ಕಷ್ಟದ ವರ್ಷಗಳಲ್ಲಿ ಕೆಲಸ ಬರುತ್ತದೆಂದು ತಾದಾನೊಉಮಿ ಊರಿನವರೂ ಕಾರ್ಖಾನೆಯನ್ನು ಸ್ವಾಗತಿಸಿದರು. 1929ರಲ್ಲಿ ಅದು ಶುರುವಾಯಿತು. 1945ರ ಹೊತ್ತಿಗೆ ಅಲ್ಲಿ ತಯಾರಾದ ವಿಷ ಸುಮಾರು 6,600 ಟನ್. ಒಟ್ಟು ದುಡಿದವರು 6,500ಕ್ಕೂ ಹೆಚ್ಚು ಜನ.

ಅಲ್ಲಿ ವಿಷಗಳಿಗೆ ಬಣ್ಣದ ಹೆಸರುಗಳಿದ್ದವು. ಹಳದಿ ಎಂದರೆ ಮಸ್ಟರ್ಡ್ ಮತ್ತು ಲೂಯಿಸೈಟ್, ಕೆಂಪು ಎಂದರೆ ಆರ್ಸೆನಿಕ್ ಬೆರೆತ, ಸೀನು-ವಾಂತಿ ಹುಟ್ಟಿಸುವ ವಸ್ತು, ಹಸಿರು ಎಂದರೆ ಅಶ್ರುವಾಯು, ಕಂದು ಎಂದರೆ ಹೈಡ್ರೋಜನ್ ಸಯನೈಡ್. ಸೇನೆಯ ಆದೇಶಗಳಲ್ಲಿ ಕೆಂಪಿನ ಹೆಸರು “ವಿಶೇಷ ಹೊಗೆ”. ಇದನ್ನು ಮ್ಯೂಸಿಯಮ್ಮಿನ ಗೋಡೆಯ ಮೇಲೆ ಓದಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು, ಏಕೆಂದರೆ ಪ್ರಾಜೆಕ್ಟುಗಳಿಗೆ ಹಣ್ಣುಗಳ, ನದಿಗಳ ಹೆಸರಿಡುವುದು ನಮ್ಮ ಆಫೀಸಿನಲ್ಲೂ ರೂಢಿ.

ನನ್ನ ವೃತ್ತಿಯ ಸಾರ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ದೊಡ್ಡ ಕೆಲಸವನ್ನು ಚಿಕ್ಕ ತುಂಡುಗಳಾಗಿ ಒಡೆದು ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ತುಂಡು ಮಾಡಿದವನ ಬಳಿ ಪೂರ್ತಿ ಚಿತ್ರ ಇರುತ್ತದೆ, ಮಿಕ್ಕವರಿಗೆ ಅದರ ಅಗತ್ಯ ಬೀಳುವುದಿಲ್ಲ. ಓಕುನೊಶಿಮಾ ಆ ವಿದ್ಯೆಯನ್ನು ಅರೆದು ಕುಡಿದಿತ್ತು. ಸೇರುವಾಗಲೇ ಬಾಯಿ ಬಿಡುವುದಿಲ್ಲವೆಂದು ಪ್ರಮಾಣ. ಒಂದು ವಿಭಾಗದವನು ಇನ್ನೊಂದು ವಿಭಾಗಕ್ಕೆ ಹೋಗುವಂತಿಲ್ಲ. ಮನೆಯಲ್ಲಿ ಹೆಂಡತಿಗೂ ಹೇಳುವಂತಿಲ್ಲ. ಅಲ್ಲಿ ತುಂಬಿದ ಪೀಪಾಯಿಗಳಲ್ಲಿ ಹೆಚ್ಚಿನವು ಕ್ಯೂಶು ದ್ವೀಪದ ಸೋನೆ ಎಂಬಲ್ಲಿಗೆ ಹೋಗುತ್ತಿದ್ದವು. ಅಲ್ಲಿ ಬೇರೆ ಕೆಲಸಗಾರರು ಅದನ್ನು ಶೆಲ್ಲುಗಳಿಗೆ ತುಂಬುತ್ತಿದ್ದರು. ಅಲ್ಲಿಂದ ಹಡಗು, ಅಲ್ಲಿಂದ ಚೀನಾ. ಕುದಿಸುವವನು ಕುದಿಸಿದ, ತುಂಬುವವನು ತುಂಬಿದ, ಹೊರುವವನು ಹೊತ್ತ, ಕೊನೆಗೆ ಗುಂಡಿ ಒತ್ತಿದವನು ಆದೇಶ ಪಾಲಿಸಿದ.

ಹಾಗಾದರೆ ಯಾರಿಗೂ ಏನೂ ಗೊತ್ತಿರಲಿಲ್ಲವೆ? ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಯಾರ ಮೇಲೆ ಬೀಳುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿರಲಿಲ್ಲ, ನಿಜ. ಏನು ಎಂಬುದು ಅವರ ಮೈಗೇ ಗೊತ್ತಿತ್ತು. ಮ್ಯೂಸಿಯಮ್ಮಿನಲ್ಲಿ ಅವರು ತೊಡುತ್ತಿದ್ದ ರಬ್ಬರ್ ಉಡುಪು ಇಟ್ಟಿದ್ದಾರೆ. ತಲೆಯಿಂದ ಕಾಲಿನವರೆಗೆ ಮುಚ್ಚುವ, ಆನೆಯ ಸೊಂಡಿಲಿನಂಥ ಕೊಳವೆಯ ಮುಖವಾಡದ ಉಡುಪು. ಬೇಸಿಗೆಯಲ್ಲಿ ಅದರೊಳಗೆ ನಿಲ್ಲುವುದೇ ಒಂದು ಶಿಕ್ಷೆ. ಅಷ್ಟಾದರೂ ಮಸ್ಟರ್ಡ್ ರಬ್ಬರಿನೊಳಗೂ ಇಳಿಯುತ್ತದೆ. ಕಂಕುಳು, ತೊಡೆಸಂದು, ಬೆವರುವ ಜಾಗಗಳಲ್ಲೆಲ್ಲ ಹುಣ್ಣು. ಕೆಮ್ಮು ಊರಿಗೇ ಹಿಡಿದಿತ್ತು. ಸಂಬಳ ಸುತ್ತಲಿನ ಯಾವ ಕೆಲಸಕ್ಕಿಂತಲೂ ಚೆನ್ನಾಗಿತ್ತು, ಕೆಮ್ಮಿನ ಕಾರಣವನ್ನು ಹೊರಗಿನ ವೈದ್ಯರಿಗೂ ಹೇಳುವಂತಿರಲಿಲ್ಲ.

ಸೇನೆ ಅಲ್ಲೇ ಒಂದು ತರಬೇತಿ ಶಾಲೆಯನ್ನೂ ನಡೆಸುತ್ತಿತ್ತು. ಹದಿನಾಲ್ಕು ಹದಿನೈದರ ಬಡ ಹುಡುಗರಿಗೆ ಓದಿನ ಜೊತೆಗೆ ಸಂಬಳ. ನಮ್ಮ ಊರುಗಳಲ್ಲಿ ಐಟಿಐ ಮುಗಿಸಿ ಅಪ್ರೆಂಟಿಸ್ ಸಿಕ್ಕಿತೆಂದು ಪೇಡಾ ಹಂಚಿದ ಮನೆಗಳನ್ನು ನೋಡಿದ್ದೇನೆ. ಆ ಸಂತೋಷ ಹೇಗಿದ್ದಿರಬಹುದೆಂದು ಊಹಿಸಲು ಕಷ್ಟವಿಲ್ಲ. ಯುದ್ಧದ ಕೊನೆಯ ವರ್ಷಗಳಲ್ಲಿ ಶಾಲೆಯ ಮಕ್ಕಳನ್ನೂ ಕರೆತಂದರು. ಹೆಣ್ಣುಮಕ್ಕಳಿಗೆ ಕೊಟ್ಟ ಒಂದು ಕೆಲಸ ಕಾಗದದ ಹಾಳೆಗಳನ್ನು ಅಂಟಿಸಿ ಭಾರಿ ಬಲೂನುಗಳನ್ನು ಮಾಡುವುದು. ಅಂಟು ಕೊನ್ನ್ಯಾಕು ಗಡ್ಡೆಯದು, ಅದು ನಮ್ಮ ಸುವರ್ಣಗಡ್ಡೆಯ ದಾಯಾದಿ. ಜಪಾನಿನ ಹಲವೆಡೆ ಹೀಗೆ ತಯಾರಾದ 9,000ಕ್ಕೂ ಹೆಚ್ಚು ಬಲೂನುಗಳನ್ನು ಬಾಂಬು ಕಟ್ಟಿ ಪೆಸಿಫಿಕ್ಕಿನ ಮೇಲಿನ ಗಾಳಿಗೆ ಬಿಟ್ಟರು. ಅವುಗಳಲ್ಲಿ ಒಂದು 1945ರ ಮೇ 5ರಂದು ಅಮೆರಿಕದ ಓರೆಗಾನ್‌ನಲ್ಲಿ ಪಿಕ್‌ನಿಕ್ಕಿಗೆ ಬಂದಿದ್ದ ಐದು ಮಕ್ಕಳನ್ನೂ ಒಬ್ಬ ಬಸುರಿ ಹೆಂಗಸನ್ನೂ ಕೊಂದಿತು. ಅಂಟಿಸಿದ ಹುಡುಗಿಯರೂ ಸತ್ತ ಮಕ್ಕಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು.

ಇನ್ನು ಚೀನಾ. 1937ರಿಂದ ಜಪಾನ್ ಸೇನೆ ಅಲ್ಲಿ ಮತ್ತೆ ಮತ್ತೆ ವಿಷಾನಿಲ ಬಳಸಿತು. ಒಂದೇ ಒಂದು ಊರಿನ ಹೆಸರು ಹೇಳುತ್ತೇನೆ, ಹೆಬೇ ಪ್ರಾಂತ್ಯದ ಬೇತಾನ್. ಉತ್ತರ ಚೀನಾದ ಬಯಲುಸೀಮೆ ಅದು, ಅಡಗಲು ಗುಡ್ಡ ಕಾಡು ಇಲ್ಲ. ಹಾಗಾಗಿ ರೈತರು ಮನೆಯಿಂದ ಮನೆಗೆ, ಊರಿಂದ ಊರಿಗೆ ನೆಲದೊಳಗೆ ಸುರಂಗ ತೋಡಿಕೊಂಡಿದ್ದರು. 1942ರ ಮೇ ತಿಂಗಳಲ್ಲಿ ಸೈನಿಕರು ಊರು ಸುತ್ತುವರಿದು ಸುರಂಗದ ಬಾಯಿಗಳಿಗೆ ಅನಿಲದ ಡಬ್ಬಿಗಳನ್ನು ಎಸೆದು ಮುಚ್ಚಿದರು. ಚೀನಾದ ಲೆಕ್ಕದಲ್ಲಿ ಸತ್ತವರು 800ಕ್ಕೂ ಹೆಚ್ಚು. ಸುರಂಗದಲ್ಲಿ ಗೆರಿಲ್ಲಾಗಳಿದ್ದರು, ಜೊತೆಗೆ ಹೆಂಗಸರು ಮಕ್ಕಳು ಮುದುಕರು ಇದ್ದರು. ಬಯಲಲ್ಲಿ ಸೀನು ತರಿಸುವ ಕೆಂಪು ಮುಚ್ಚಿದ ಜಾಗದಲ್ಲಿ ಕೊಲ್ಲುತ್ತದೆ.

ಓಕುನೊಶಿಮಾದ ಮ್ಯೂಸಿಯಂ ತೆರೆದದ್ದು 1988ರಲ್ಲಿ. ಹಿರೋಶಿಮಾದ್ದನ್ನು ನೋಡಿದ ಕಣ್ಣಿಗೆ ಅದು ಒಂದು ಗ್ರಾಮ ಪಂಚಾಯಿತಿ ಕಚೇರಿಯಷ್ಟು. ಎರಡು ಕೋಣೆ. ಮುಖವಾಡಗಳು, ಪಿಂಗಾಣಿಯ ಕೊಳವೆಗಳು, ಕೆಮ್ಮಿನಲ್ಲೇ ಮುದುಕರಾದವರ ಫೋಟೊಗಳು, ಚೀನಾದ ಫೋಟೊಗಳು. ಅಂದು ಬಂದಿದ್ದ ಫೆರಿಯ ನೂರಾರು ಜನರಲ್ಲಿ ಒಳಗೆ ನಾನಿದ್ದಷ್ಟು ಹೊತ್ತು ಆರೇಳು ಮಂದಿ ಬಂದರು. ಹಿರೋಶಿಮಾ ಇಲ್ಲಿಂದ ಪಶ್ಚಿಮಕ್ಕೆ ಐವತ್ತು ಅರವತ್ತು ಕಿಲೋಮೀಟರ್. ಅಲ್ಲಿ ಜಪಾನಿನ ಮೇಲೆ ಏನಾಯಿತು ಎಂಬುದನ್ನು ನೋಡಲು ಜಗತ್ತೇ ಸಾಲುಗಟ್ಟುತ್ತದೆ, ಸಾಲುಗಟ್ಟಬೇಕಾದ್ದೇ. ಜಪಾನಿನಿಂದ ಏನಾಯಿತು ಎಂಬುದು ಈ ಎರಡು ಕೋಣೆಯಲ್ಲಿದೆ. ಆದರೂ ಇದನ್ನು ಕಟ್ಟಿದವರು ಹೊರಗಿನವರಲ್ಲ, ಈ ಸೀಮೆಯವರೇ, ಅದರಲ್ಲೂ ಕಾರ್ಖಾನೆಯಲ್ಲಿ ದುಡಿದು ಕಾಯಿಲೆ ಬಿದ್ದವರೇ. ಮೊದಲ ನಿರ್ದೇಶಕರಾಗಿದ್ದ ಮುರಾಕಾಮಿ ಹಾತ್ಸುಇಚಿ ಹದಿಹರೆಯದಲ್ಲಿ ಇಲ್ಲಿಗೇ ಕೆಲಸಕ್ಕೆ ಬಂದಿದ್ದವರು. ನಮ್ಮ ಮೇಲಾದದ್ದನ್ನು ಹೇಳುವಾಗ ನಾವು ಮಾಡಿದ್ದನ್ನೂ ಹೇಳಬೇಕು ಎಂಬುದು ಅವರ ನಿಲುವಾಗಿತ್ತು.

ಇನ್ನೊಬ್ಬರು ಫುಜಿಮೊತೊ ಯಾಸುಮಾ. ಅವರೂ ತರಬೇತಿ ಶಾಲೆಯ ಹುಡುಗರೇ, ಲೂಯಿಸೈಟ್ ವಿಭಾಗದವರು. ಅದನ್ನು ಮಾಡುವ ರಾಸಾಯನಿಕ ಸಮೀಕರಣವನ್ನು ಮುಪ್ಪಿನಲ್ಲೂ ಬಾಯಿಪಾಠ ಹೇಳುತ್ತಿದ್ದರು. ಮರೆತರೆ ಮಾಡಿದ ಅಪರಾಧವನ್ನೇ ಮರೆತ ಹಾಗೆ, ಆದ್ದರಿಂದ ಮರೆಯುವುದಿಲ್ಲ ಎಂಬುದು ಅವರ ಹಟ. ಚೀನಾಕ್ಕೆ ಹೋಗಿ ಕ್ಷಮೆ ಕೇಳಿದರು. ಹದಿನೈದರ ಹುಡುಗನಾಗಿದ್ದೆ, ಹೇಳಿದ್ದನ್ನು ಮಾಡಿದೆ ಎನ್ನುವ ದಾರಿ ಅವರಿಗೆ ಎಲ್ಲರಿಗಿಂತ ಸಲೀಸಾಗಿ ತೆರೆದಿತ್ತು. ಅದನ್ನು ಅವರು ಹಿಡಿಯಲಿಲ್ಲ.

1945ರ ಆಗಸ್ಟಿನಲ್ಲಿ ಯುದ್ಧ ಮುಗಿದಾಗ ದ್ವೀಪದಲ್ಲಿ ಸುಮಾರು 3,000 ಟನ್ ವಿಷ ಉಳಿದಿತ್ತು. ಕಾಗದಪತ್ರಗಳನ್ನು ಸುಟ್ಟರು. ಪ್ರಯೋಗಕ್ಕೆ ಸಾಕಿದ್ದ ಮೊಲಗಳನ್ನು ಕೊಂದರು. ಈಗಿನ ಮೊಲಗಳು ಅವುಗಳ ಸಂತತಿಯಲ್ಲ, 1971ರಲ್ಲಿ ಶಾಲಾಮಕ್ಕಳು ತಂದುಬಿಟ್ಟ ಎಂಟು ಮೊಲಗಳಿಂದ ಬೆಳೆದವು ಎಂಬುದು ಸ್ಥಳೀಯರು ಹೇಳುವ ಕಥೆ. ವಿಷವನ್ನು ಇಲ್ಲವಾಗಿಸುವ ಜವಾಬ್ದಾರಿ ಬಿದ್ದದ್ದು ಕುರೆಯಲ್ಲಿ ನೆಲೆಯೂರಿದ್ದ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯ ಮೇಲೆ. ಇಲ್ಲಿ ನಮ್ಮವರ ಹೆಸರು ಬರುತ್ತದೆ. ಆ ಪಡೆಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ನಿನವರ ಜೊತೆ ಭಾರತೀಯ ಸೇನೆಯೂ ಇತ್ತು. ಅದರ 268ನೇ ಬ್ರಿಗೇಡಿನ ಮುಖ್ಯಸ್ಥರು ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ, ಮಡಿಕೇರಿಯವರು, ಮುಂದೆ 1957ರಿಂದ 1961ರವರೆಗೆ ನಮ್ಮ ಸೇನಾ ಮುಖ್ಯಸ್ಥರು. ಅವರ ಬ್ರಿಗೇಡಿನಲ್ಲಿ ಐದನೇ ಮರಾಠಾ ರೆಜಿಮೆಂಟಿನ ಮೊದಲ ಬೆಟಾಲಿಯನ್ ಇತ್ತು. ಆ ರೆಜಿಮೆಂಟಿನ ಕೇಂದ್ರ 1922ರಿಂದಲೂ ಬೆಳಗಾವಿ. ಬೆಳಗಾವಿ ಕ್ಯಾಂಪಿನ ಪರೇಡ್ ಮೈದಾನದಿಂದ ಹೊರಟ ಹುಡುಗರು ಬರ್ಮಾ, ಇಟಲಿಗಳಿಗೆ ಹೋದ ಕಥೆ ಆ ಕಡೆಯ ಮನೆಗಳಲ್ಲಿ ಕೇಳಸಿಗುತ್ತದೆ, ಸೋತ ಜಪಾನಿನಲ್ಲಿ ಕಾವಲು ನಿಂತ ಕಥೆ ಅಷ್ಟಾಗಿ ಕೇಳಿಲ್ಲ. ಭಾರತೀಯರು ಇದ್ದದ್ದು ಓಕಾಯಾಮಾ ಮತ್ತು ಜಪಾನ್ ಸಮುದ್ರದ ಕಡೆಯ ಶಿಮಾನೆ, ತೊತ್ತೊರಿ ಪ್ರಾಂತ್ಯಗಳಲ್ಲಿ. ಸ್ವಾತಂತ್ರ್ಯ ಬಂದ 1947ರಲ್ಲಿ ಅವರು ಊರಿಗೆ ಮರಳಿದರು.

ವಿಷ ವಿಲೇವಾರಿ 1946ರಲ್ಲಿ ಶುರುವಾಯಿತು. ಅಧಿಕಾರಿಗಳು ಕಾಮನ್‌ವೆಲ್ತಿನವರು, ಕೈಹಾಕಿದ ಕೂಲಿಗಳು ಮತ್ತೆ ಇದೇ ಸೀಮೆಯ ಜಪಾನಿಗಳು. ಒಂದಷ್ಟನ್ನು ಹಳೆಯ ಹಡಗುಗಳಿಗೆ ತುಂಬಿ ಶಿಕೊಕು ದ್ವೀಪದ ಆಚೆ, ಕೋಚಿಯ ಹೊರಸಮುದ್ರದಲ್ಲಿ ಮುಳುಗಿಸಿದರು. ಒಂದಷ್ಟನ್ನು ಸುಟ್ಟರು, ಒಂದಷ್ಟನ್ನು ದ್ವೀಪದಲ್ಲೇ ಹೂತರು. ನಾಗಾಉರಾದ ಟ್ಯಾಂಕುಗಳಿದ್ದ ಕೋಣೆಗಳಿಗೆ ಬೆಂಕಿ ಉಗುಳುವ ಯಂತ್ರ ಹಿಡಿದರು, ಆ ಕಪ್ಪು ಅದರದ್ದೇ. ಮಸ್ಟರ್ಡ್ ಸುಟ್ಟರೆ ಹೋಗುತ್ತದೆ. ಲೂಯಿಸೈಟಿನಲ್ಲಿ, ಕೆಂಪಿನಲ್ಲಿ ಇರುವ ಆರ್ಸೆನಿಕ್ ಮೂಲಧಾತು, ಅದನ್ನು ಯಾವ ಬೆಂಕಿಯೂ ಇಲ್ಲವಾಗಿಸಲಾರದು, ಜಾಗ ಬದಲಿಸಬಹುದು ಅಷ್ಟೆ. 1990ರ ದಶಕದಲ್ಲಿ ದ್ವೀಪದ ಮಣ್ಣು ಪರೀಕ್ಷಿಸಿದಾಗ ಅದು ಅಲ್ಲೇ ಇತ್ತು. ಭೋಪಾಲದ ಕಾರ್ಖಾನೆಯ ಅಂಗಳದ ಮಣ್ಣು, ಸುತ್ತಲಿನ ಬೋರ್‌ವೆಲ್ಲುಗಳ ಸುದ್ದಿ ಓದುತ್ತ ಬೆಳೆದ ನಮ್ಮ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟೋಕಿಯೊ ವಿಚಾರಣೆಯಲ್ಲಿ, ನಮ್ಮ ರಾಧಾಬಿನೋದ್ ಪಾಲ್ ಕೂತಿದ್ದ ಆ ಪೀಠದ ಮುಂದೆ, ವಿಷಾನಿಲಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ವಿಷಯವನ್ನು ಮುಂದುವರಿಸುವುದು ಅಮೆರಿಕಕ್ಕೆ ಬೇಕಿರಲಿಲ್ಲ, ಅದರ ಉಗ್ರಾಣಗಳಲ್ಲೂ ಅದೇ ಸರಕಿತ್ತು. ಕೊರಿಯಾ ಯುದ್ಧ ಬಂದಾಗ ಅಮೆರಿಕದ ಸೇನೆ ಇದೇ ದ್ವೀಪದಲ್ಲಿ ಮದ್ದುಗುಂಡು ಇಟ್ಟಿತು. ಹಳೆಯ ವಿದ್ಯುತ್ ಕೇಂದ್ರದ ಗೋಡೆಯ ಮೇಲೆ ಮ್ಯಾಗ್ 2 ಎಂದು ಇಂಗ್ಲಿಷಿನಲ್ಲಿ ಬರೆದಿರುವುದು, ಎರಡನೇ ಉಗ್ರಾಣ ಎಂಬರ್ಥದಲ್ಲಿ, ಇನ್ನೂ ಮಾಸಿಲ್ಲ. ಆ ವಿದ್ಯುತ್ ಕೇಂದ್ರ ದ್ವೀಪದ ಅತಿ ದೊಡ್ಡ ಪಾಳು. ಬಳ್ಳಿ ಹಬ್ಬಿದ ಎತ್ತರದ ಗೋಡೆ, ಮುಂದೆ ಪುಟ್ಟ ಮೈದಾನ, ಅಲ್ಲೂ ಮೊಲಗಳು. ಒಳಗೆ ಹೋಗಬಾರದೆಂದು ಬೋರ್ಡು.

1963ರಲ್ಲಿ ಇಲ್ಲಿ ರಜಾ ವಸತಿಗೃಹ ತೆರೆಯಿತು. ಆ ಹೊತ್ತಿಗೆ ಎದುರುದಡದ ಆಸ್ಪತ್ರೆಯಲ್ಲಿ ಕಾರ್ಖಾನೆಯ ಹಳೆಯ ಕೆಲಸಗಾರರು ಕೆಮ್ಮುತ್ತಿದ್ದರು. ಹಿರೋಶಿಮಾ ವಿಶ್ವವಿದ್ಯಾಲಯದ ವೈದ್ಯರು ಅವರಲ್ಲಿ ಶ್ವಾಸನಾಳದ, ಶ್ವಾಸಕೋಶದ ಕ್ಯಾನ್ಸರ್ ಅಸಹಜವಾಗಿ ಹೆಚ್ಚೆಂದು ತೋರಿಸಿಕೊಟ್ಟರು. ಸರ್ಕಾರದ ನೆರವು 1954ರಲ್ಲಿ ಶುರುವಾಯಿತು, ಆದರೆ ಸೇನೆಯ ನೌಕರರಿಗೆ ಮಾತ್ರ. ಶಾಲೆಯಿಂದ ಕರೆತಂದ ಮಕ್ಕಳು ನೌಕರರಾಗಿರಲಿಲ್ಲವಲ್ಲ. ಅವರ ಸರದಿ ಬಂದದ್ದು ಮತ್ತೆ ಇಪ್ಪತ್ತು ವರ್ಷ ಕಳೆದು. ಅಷ್ಟು ಕಾಲ ಮಾಡಿದ ಪ್ರಮಾಣವನ್ನು ಹಲವರು ಮುರಿಯಲೂ ಇಲ್ಲ. ಸೇನೆಯೇ ಇಲ್ಲವಾದ ಮೇಲೂ ಬಾಯಿ ಮುಚ್ಚಿದ್ದರು. 1980ರ ದಶಕದಲ್ಲಿ ಇತಿಹಾಸಕಾರರು ದಾಖಲೆಗಳನ್ನು ಹೊರತೆಗೆದ ಮೇಲೆ ಮಾತು ದೊಡ್ಡದಾಯಿತು. 1985ರಲ್ಲಿ ಸತ್ತವರ ಸ್ಮಾರಕ, ಮೂರು ವರ್ಷಕ್ಕೆ ಮ್ಯೂಸಿಯಂ.

ಇದನ್ನು ಪರದೇಶದ ಪಾಪವೆಂದು ಓದಿ ಮುಗಿಸುವವರಿಗೆ ಎರಡು ಸಂಗತಿ. 1930ರ ದಶಕದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾವಲ್ಪಿಂಡಿಯಲ್ಲಿ ಬ್ರಿಟಿಷ್ ವಿಜ್ಞಾನಿಗಳು ಮಸ್ಟರ್ಡ್ ಅನಿಲವನ್ನು ನೂರಾರು ಭಾರತೀಯ ಸಿಪಾಯಿಗಳ ಮೇಲೆ ಪ್ರಯೋಗಿಸಿ ನೋಡಿದರು. ಬರೀ ಚಡ್ಡಿ, ಹತ್ತಿಯ ಅಂಗಿಯಲ್ಲಿ ಅನಿಲದ ಕೋಣೆಯೊಳಗೆ ನಿಲ್ಲಿಸಿದ್ದೂ ಉಂಟು. ಲೋಕಕ್ಕೆ ಅದು ದೊಡ್ಡದಾಗಿ ತಿಳಿದದ್ದು 2007ರಲ್ಲಿ. ಇನ್ನೊಂದು, ನಮ್ಮ ಬಳಿ ರಾಸಾಯನಿಕ ಅಸ್ತ್ರವೇ ಇಲ್ಲ ಎನ್ನುತ್ತಿದ್ದ ಸ್ವತಂತ್ರ ಭಾರತ, 1997ರಲ್ಲಿ ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ ಜಾರಿಗೆ ಬಂದ ಮೇಲೆ, 1,044 ಟನ್ ಮಸ್ಟರ್ಡ್ ಇದೆ ಎಂದು ಘೋಷಿಸಿತು. 2009ರ ಹೊತ್ತಿಗೆ ಅಷ್ಟನ್ನೂ ನಾಶಮಾಡಿ ಮುಗಿಸಿತು, ಆ ಕೆಲಸವನ್ನು ಪೂರ್ತಿ ಮಾಡಿದ ಮೊದಲ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಆ ವಿಷವನ್ನೂ ಯಾರೋ ಶಿಫ್ಟಿನಲ್ಲಿ ತಯಾರಿಸಿದ್ದರು, ಯಾರೋ ಶಿಫ್ಟಿನಲ್ಲಿ ನಾಶಮಾಡಿದರು. ಅವರ ಮ್ಯೂಸಿಯಂ ಎಲ್ಲೂ ಇಲ್ಲ.

ಸೋತ ಜಪಾನ್ ಸೇನೆ ಚೀನಾ ಬಿಡುವಾಗ ಅನಿಲದ ಶೆಲ್ಲುಗಳನ್ನು ಹೂತು, ಕೆರೆ-ನದಿಗಳಿಗೆ ಎಸೆದು ಹೋಗಿತ್ತು. 2003ರ ಆಗಸ್ಟಿನಲ್ಲಿ ಈಶಾನ್ಯ ಚೀನಾದ ಚಿಚಿಹಾರ್ ನಗರದಲ್ಲಿ ಪಾರ್ಕಿಂಗ್ ಕಟ್ಟಲು ನೆಲ ಅಗೆಯುತ್ತಿದ್ದಾಗ ಐದು ತುಕ್ಕು ಹಿಡಿದ ಪೀಪಾಯಿಗಳು ಸಿಕ್ಕವು. ಗುಜರಿಗೆ ಹಾಕಿದರು. ಒಳಗಿದ್ದದ್ದು ಮಸ್ಟರ್ಡ್. ಒಬ್ಬ ಸತ್ತ, 40ಕ್ಕೂ ಹೆಚ್ಚು ಮಂದಿ ಸುಟ್ಟ ಗಾಯಗಳಿಂದ ನರಳಿದರು, ಅವರಲ್ಲಿ ಆ ಮಣ್ಣಿನಲ್ಲಿ ಆಡಿದ ಮಕ್ಕಳೂ ಇದ್ದರು. ಇಂಥ ಅತಿ ದೊಡ್ಡ ರಾಶಿ ಇರುವುದು ಜಿಲಿನ್ ಪ್ರಾಂತ್ಯದ ಹಾರ್ಬಾಲಿಂಗ್ ಎಂಬಲ್ಲಿ, ಲಕ್ಷಗಟ್ಟಲೆ ಶೆಲ್ಲುಗಳು. ಒಪ್ಪಂದದ ಪ್ರಕಾರ ಜಪಾನ್ ತನ್ನ ಖರ್ಚಿನಲ್ಲಿ ಅವನ್ನು ಒಂದೊಂದಾಗಿ ತೆಗೆದು ನಾಶಮಾಡಬೇಕು. ಮೊದಲ ಗಡುವು 2007 ಇತ್ತು. ಅದು 2012 ಆಯಿತು, ಆಮೇಲೆ 2022, ಆಮೇಲೆ 2027.